ರಾಗಿಯಂತೆ ಇಳಿಯುವ ಪ್ಲಾಟಿನಂ

ನಾಫ್ತಾವನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ಲಾಟಿನಂ ಕ್ಯಾಟಲಿಸ್ಟ್ ಮೇಲೆ ಹಾಯಿಸಿದರೆ ಆರೊಮ್ಯಾಟಿಕ್ಸ್ ಸಿಗುತ್ತೆ, ಪೆಟ್ರೋಲಿನ ಆಕ್ಟೇನ್ ಏರುತ್ತೆ. ಇಷ್ಟನ್ನು ನಾವೆಲ್ಲ ನೋಟ್ಸ್‌ನಲ್ಲಿ ಬರ್ಕೊಂಡಿರ್ತೀವಿ. ಆದರೆ ಇಂದಿನ ರಿಫಾರ್ಮರ್‌ಗಳಲ್ಲಿ ನಾಫ್ತಾ ಮಾತ್ರ ಅಲ್ಲ, ಕ್ಯಾಟಲಿಸ್ಟ್ ಕೂಡ ಹರಿಯುತ್ತೆ. ನಿಜವಾದ ತಲೆನೋವು ಇರೋದು ಅಲ್ಲೇ.

ಈ ಕ್ರಿಯೆ ಶಾಖ ಹೀರಿಕೊಳ್ಳುವಂಥದ್ದು. ಹಾಗಾಗಿ ಮೂರ್ನಾಲ್ಕು ರಿಯಾಕ್ಟರ್, ನಡುನಡುವೆ ಹೀಟರ್. ಕ್ಯಾಟಲಿಸ್ಟ್ ಮೇಲೆ ಕೋಕ್, ಅಂದರೆ ಇಂಗಾಲದ ಮಸಿ ಕೂತು ಅದು ಮಂಕಾಗುತ್ತೆ. ಹಳೇ ಪದ್ಧತಿಯಲ್ಲಿ ಪ್ಲಾಂಟ್ ನಿಲ್ಲಿಸಿಯೇ ಮಸಿ ಸುಡಬೇಕಿತ್ತು. 1971ರಲ್ಲಿ ಯುಒಪಿ ಕಂಪನಿಯ ಸಿಸಿಆರ್ ಬಂತು. ಪ್ಲಾಂಟ್ ಓಡ್ತಿರುವಾಗಲೇ ಕ್ಯಾಟಲಿಸ್ಟ್ ಹೊರಬಂದು, ಶುದ್ಧವಾಗಿ, ವಾಪಸ್ ಹೋಗುತ್ತೆ. ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ಸಿಸಿಆರ್ ಯೂನಿಟ್‌ಗಳಿವೆ.

ಸುಮಾರು 1.6 ಮಿ.ಮೀ. ಅಲ್ಯುಮಿನಾ ಗುಂಡುಗಳು, ಹೆಚ್ಚೂಕಮ್ಮಿ ರಾಗಿ ಕಾಳಿನಷ್ಟು. ಯುಒಪಿ ವಿನ್ಯಾಸದಲ್ಲಿ ರಿಯಾಕ್ಟರ್‌ಗಳು ಒಂದರ ಮೇಲೊಂದು ಇರುತ್ತವೆ. ಗುಂಡುಗಳು ತಮ್ಮ ಭಾರಕ್ಕೇ ಇಳಿಯುತ್ತವೆ, ಎಷ್ಟು ನಿಧಾನ ಅಂದ್ರೆ ಒಂದು ಸುತ್ತಿಗೆ ದಿನಗಳೇ ಬೇಕು. ಕೆಳಗೆ ಬಂದ ಮೇಲೆ ಗ್ಯಾಸ್ ಅವನ್ನು ಪೈಪಿನಲ್ಲಿ ಮೇಲಕ್ಕೆ ಎತ್ತಿ ರಿಜನರೇಟರ್‌ಗೆ ಒಯ್ಯುತ್ತೆ.

ಈಗ ತೊಡಕು ನೋಡಿ. ಕ್ಯಾಟಲಿಸ್ಟ್ ಮೇಲಿಂದ ಕೆಳಕ್ಕೆ, ನಾಫ್ತಾ ಆವಿ ಅಡ್ಡಡ್ಡಲಾಗಿ, ಹೊರಗಿನಿಂದ ನಡುವಿನ ಜಾಲರಿ ಪೈಪಿನ ಕಡೆಗೆ. ಆವಿಯ ವೇಗ ಜಾಸ್ತಿಯಾದರೆ ಗುಂಡುಗಳು ಜಾಲರಿಗೆ ಒತ್ತಿಕೊಂಡು ನಿಂತುಬಿಡುತ್ತವೆ. ಇದಕ್ಕೆ ಪಿನ್ನಿಂಗ್ ಅಂತಾರೆ. ಹೊರಗಿಂದ ಎಲ್ಲ ಸರಿಯಿದ್ದ ಹಾಗೇ ಕಾಣಬಹುದು, ಒಳಗೆ ನಿಂತ ಗುಂಡುಗಳ ಮೇಲೆ ಮಸಿ ಏರ್ತಾನೇ ಇರುತ್ತೆ. ಅವು ಒಮ್ಮೆಲೇ ಬಿಡಿಸಿಕೊಂಡು ರಿಜನರೇಟರ್ ಸೇರಿದರೆ? ಅಲ್ಲಿ ಆಮ್ಲಜನಕವನ್ನು ಸುಮಾರು ಶೇ. 1ರಷ್ಟೇ ಇಟ್ಟು ಮಸಿಯನ್ನು ಮೆಲ್ಲಗೆ ಸುಡ್ತಾರೆ. ಲೆಕ್ಕಕ್ಕಿಂತ ಹೆಚ್ಚು ಮಸಿ ಬಂದರೆ ಅಷ್ಟೂ ಸುಡದೆ ಮುಂದಿನ ಹಂತಕ್ಕೆ ಜಾರುತ್ತೆ. ಅಲ್ಲಿ ಆಮ್ಲಜನಕ ಜಾಸ್ತಿ, ಪ್ಲಾಟಿನಂ ಮತ್ತೆ ಹರಡೋಕೆ ಅದು ಬೇಕು. ಅಲ್ಲಿ ಮಸಿ ಹೊತ್ತಿಕೊಂಡರೆ ಕ್ಯಾಟಲಿಸ್ಟೂ ಹೋಯ್ತು, ಒಳಗಿನ ಜಾಲರಿಯೂ ಹೋಯ್ತು.

ಇನ್ನೊಂದು ಭಯ: ರಿಯಾಕ್ಟರ್ ಕಡೆ ಹೈಡ್ರೋಜನ್, ರಿಜನರೇಟರ್ ಕಡೆ ಆಮ್ಲಜನಕ. ಎರಡೂ ಸೇರಿದರೆ ಸ್ಫೋಟ! ಅದಕ್ಕೇ ನಡುವೆ ನೈಟ್ರೋಜನ್ ತಡೆ. ಅದರ ಒತ್ತಡ ಎರಡೂ ಕಡೆಗಿಂತ ಹೆಚ್ಚು. ಅದು ಕುಸಿದರೆ ಹರಿವು ತಾನಾಗೇ ನಿಲ್ಲುತ್ತೆ. ಎಷ್ಟು ಕ್ಯಾಟಲಿಸ್ಟ್ ಸುತ್ತಬೇಕು ಅನ್ನೋದನ್ನ ಲಾಕ್ ಹಾಪರ್ ನಿರ್ಧರಿಸುತ್ತೆ. ಸೇರಿನಲ್ಲಿ ಅಳೆದ ಹಾಗೆ, ಒಂದು ಸಲಕ್ಕೆ ಇಷ್ಟೇ.

ಸುತ್ತಿ ಸುತ್ತಿ ಗುಂಡುಗಳು ಸವೆದು ಪುಡಿಯಾಗುತ್ತವೆ. ಪುಡಿ ಜಾಲರಿಗೆ ಸಿಕ್ಕಿಕೊಂಡರೆ ಪಿನ್ನಿಂಗ್ ಸಾಧ್ಯತೆ ಇನ್ನೂ ಹೆಚ್ಚು. ಅದಕ್ಕೇ ಗ್ಯಾಸ್ ಊದಿ, ಮೊರದಲ್ಲಿ ಕೇರಿದಂತೆ ಪುಡಿ ತೆಗೀತಾರೆ. ಆ ಡ್ರಮ್ಮಲ್ಲಿ ಬರೀ ನುಣ್ಣನೆ ಪುಡಿ ಇದ್ದರೆ ಆಪರೇಟರ್‌ಗೆ ಖುಷಿಯಾಗಲ್ಲ. ಊದಿದ್ದು ಸಾಲದು ಅಂತ ಅರ್ಥ. ಒಂದಿಷ್ಟು ಇಡೀ ಗುಂಡುಗಳೂ ಬಂದಿರಬೇಕು. ಆ ಪುಡಿಯನ್ನ ಎಸೆಯೋ ಹಾಗೂ ಇಲ್ಲ, ಅದರಲ್ಲಿ ಪ್ಲಾಟಿನಂ ಇದೆ.