ನಮ್ಮಜ್ಜ ಜೈಲಿಗೆ ಹೋದವನಲ್ಲ

ನಮ್ಮಜ್ಜ ಜೈಲಿಗೆ ಹೋದವನಲ್ಲ. ಇಷ್ಟು ಹೇಳಿದ್ದಕ್ಕೆ ತವರಿನ ಅರ್ಧ ಮಂದಿ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ. ಮನೆತನದ ಚರಿತ್ರೆ ಅಚ್ಚು ಹಾಕಿಸುವ ಹುಕಿ ಈಗ ಊರೂರಿಗೂ ಹಬ್ಬಿದೆ. ಮಂದಿಯ ಮನೆಯ ಹಿರಿಯನನ್ನು ತಂದು ನಮ್ಮ ಜಗಲಿಯ ಮೇಲೆ ಕೂರಿಸಿಕೊಂಡರೆ ಏನಾಗುತ್ತದೆ ಎಂಬುದು ಹತ್ತು ಜನಕ್ಕೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಹಿರೇಕೆರೂರು ಸೀಮೆ. 1932ರ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರಗಳ ಜೊತೆಗೆ ಕೇಳಿಬರುವ ಹೆಸರು. ಅಜ್ಜನ ಹೆಸರು ಬಸಪ್ಪ, ಅವನ ತಂದೆ ಚನ್ನಪ್ಪ ಎಂದಿಟ್ಟುಕೊಳ್ಳಿ. ನಿಜವಾದ ಹೆಸರು ಇಲ್ಲಿ ಬೇಡ. ದೊಡ್ಡಪ್ಪನ ಮಗ, ನಮ್ಮೆಲ್ಲರಿಗೂ ಹಿರಿಯಣ್ಣ, ಆ ಚಳವಳಿಯಲ್ಲಿ ಸೆರೆಗೆ ಹೋದವರ ಒಂದು ಪಟ್ಟಿಯಲ್ಲಿ ‘ಬಸಪ್ಪ ಚನ್ನಪ್ಪ’ ಎಂಬ ಹೆಸರು ಕಂಡ. ನಮ್ಮದೇ ಊರು, ನಮ್ಮದೇ ಅಡ್ಡಹೆಸರು. ಮುಗಿಯಿತು. ಮನೆತನದ ಪುಸ್ತಕ ಸಿದ್ಧವಾಯಿತು, ಮುಖಪುಟಕ್ಕೆ ರುಮಾಲು ಸುತ್ತಿದ ಅಜ್ಜನ ಫೋಟೋ ಬಂತು, ಒಳಗೆ ಹಿಂಡಲಗಾ ಜೈಲಿನ ವರ್ಣನೆಗೆ ಒಂದು ಅಧ್ಯಾಯವೇ ಮೀಸಲಾಯಿತು. ಹಾಗಿದ್ದರೆ ಮನೆಯಲ್ಲಿ ಇಷ್ಟು ವರ್ಷ ಒಬ್ಬರೂ ಈ ಮಾತು ಎತ್ತಲಿಲ್ಲವೇಕೆ ಎಂದು ಕೇಳಿದೆ. “ಅಜ್ಜಾರು ದೊಡ್ಡಸ್ತನ ಹೇಳಿಕೊಳ್ಳೋ ಮನುಷ್ಯಾ ಅಲ್ಲ ತಂಗೀ” ಎಂದ. ಅಜ್ಜ ಸಂತೆಯಲ್ಲಿ ಒಂದು ಹೋರಿ ಚೌಕಾಸಿ ಮಾಡಿ ತಂದರೆ ವರ್ಷಗಟ್ಟಲೆ ಅದನ್ನೇ ಹೇಳುತ್ತಿದ್ದವನು. ಜೈಲಿಗೆ ಹೋಗಿ ಬಂದು ಸುಮ್ಮನಿದ್ದನಂತೆ!

ಅನುಮಾನಕ್ಕೆ ಇನ್ನೊಂದು ಕಾರಣವಿತ್ತು. ಕರ ಕೊಡದವರ ಹೊಲಮನೆ, ದನಕರು, ಹಂಡೆ ಚರಿಗೆ ಎಲ್ಲ ಜಪ್ತಿಯಾದ ಕಾಲ ಅದು. ಜಪ್ತಿಯಾದ ಹೊಲಗಳನ್ನು ಮರಳಿ ಕೊಡಿಸುವ ಕೆಲಸ ನಡೆದದ್ದು 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ. ನಮ್ಮ ಹೊಲ ಒಂದು ದಿನವೂ ನಮ್ಮ ಕೈಬಿಟ್ಟ ಮಾತನ್ನು ನಾನು ಕೇಳಿರಲಿಲ್ಲ.

ಸುಗ್ಗಿ ಮುಗಿದ ಹೊತ್ತಿಗೆ ನಮ್ಮ ಮನೆತನದ ವಂಶಾವಳಿ ಬರೆದಿಟ್ಟು ಓದುವ ಹೆಳವರು ಬಂದರು. ಮೊದಲೆಲ್ಲ ಎತ್ತಿನ ಮೇಲೆ ಬರುತ್ತಿದ್ದರು, ಈಗ ಟೆಂಪೊದಲ್ಲಿ ಬರುತ್ತಾರೆ. ಹೊತ್ತಿಗೆ ಮಾತ್ರ ಬಿಟ್ಟು ಬರುವುದಿಲ್ಲ. ಅಣ್ಣ ಬಾಯಿ ಹಾಕುವ ಮೊದಲೇ ನಾನು, “ನಮ್ಮ ಕವಲು ಮೊದಲಿಂದ ಓದ್ರಿ” ಎಂದೆ. ಹೆಳವರವ ಮೂಲಪುರುಷನಿಂದ ಹಿಡಿದು ರಾಗವಾಗಿ ಓದುತ್ತ ಬಂದು, ಚನ್ನಪ್ಪನ ಹತ್ತಿರ ತಡೆದು, ಇವನಿಗೆ ಹೊಟ್ಟೆಯ ಮಕ್ಕಳಿಲ್ಲ, ಬೇರೆ ಊರಿನ ಅಣ್ಣತಮ್ಮಿಕೆಯ ವೀರಪ್ಪನ ಮಗ ಬಸಪ್ಪ ದತ್ತಕ ಬಂದ ಎಂದು ಮುಂದೆ ಸಾಗಿದ. ದತ್ತಕದ ಸಂಗತಿ ನಮ್ಮ ತಲೆಮಾರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದೇ ಓಣಿಯ ಇನ್ನೊಂದು ಕವಲಿನಲ್ಲಿ ಇನ್ನೊಬ್ಬ ಚನ್ನಪ್ಪ, ಅವನಿಗೂ ಒಬ್ಬ ಮಗ ಬಸಪ್ಪ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಕಡೆ ಇದು ಸೋಜಿಗವೇನಲ್ಲ. ಅಜ್ಜನ ಹೆಸರಿನಲ್ಲಿ ಹಾಕಿಸಲು ಹೊರಟಿದ್ದ ನಾಮಫಲಕದ ಕೆಲಸ ಸ್ವಲ್ಪ ತಡಿ ಎಂದು ಅಣ್ಣನಿಗೆ ಹೇಳಿದೆ. “ನೀ ಕೊಟ್ಟ ಮನಿ ಚರಿತ್ರಾ ಬರಿ ಹೋಗು” ಎಂದ.

2022ರ ಆಗಸ್ಟ್ 15. ಸ್ವಾತಂತ್ರ್ಯದ ಅಮೃತ ಮಹೋತ್ಸವ. ಊರ ಅಗಸಿಯ ಮುಂದೆ ಶಾಮಿಯಾನ, ಶಾಲೆಯ ಮಕ್ಕಳ ಸಾಲು, ಬಟ್ಟೆ ಮುಚ್ಚಿದ ಫಲಕ. ಅಣ್ಣ ಭಾಷಣದಲ್ಲಿ ಅಜ್ಜ ಜೈಲಿನಲ್ಲಿ ರಾಗಿ ಗಂಜಿ ಕುಡಿದದ್ದನ್ನು ಕಣ್ಣಾರೆ ಕಂಡವನ ಹಾಗೆ ಹೇಳಿದ. ಬಟ್ಟೆ ಸರಿಸಿದರು, ಚಪ್ಪಾಳೆ ಬಿತ್ತು. ಆಗ ಹೆಂಗಸರ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ತೊಂಬತ್ತರ ಹತ್ತಿರದ ಜೀವ. ಬಡಿಗೆ ಊರಿಕೊಂಡು ಫಲಕದ ಹತ್ತಿರ ಹೋಗಿ, ಅಕ್ಷರ ಬಾರದ್ದರಿಂದ ಫೋಟೋ ಮಾತ್ರ ನೋಡಿ, “ಇಂವ ಯಾರು?” ಎಂದು ಕೇಳಿದಳು. ಯಾರೋ ಹೆಸರು ಓದಿ ಹೇಳಿದರು.

“ಹೆಸರು ನಮ್ಮಪ್ಪಂದು. ಮಾರಿ ನಮ್ಮಪ್ಪಂದಲ್ಲ.”

ಮೈಕು ಹತ್ತಿರದಲ್ಲೇ ಇತ್ತು. ಮಾತು ಇಡೀ ಊರಿಗೆ ಕೇಳಿಸಿತು. ಅಣ್ಣ ನಗುತ್ತ, “ಕೂಡಬೇ ಅಜ್ಜಿ, ಚಾ ಕುಡಿದು ಹೋಗುವಂತಿ” ಎಂದ. ಆಕೆ ಕೂಡಲಿಲ್ಲ. “ಜಪ್ತಿ ಮಾಡಾಕ ಬಂದಾಗ ನಮ್ಮವ್ವ ನೀರು ಕಾಸೋ ಹಂಡೇವು ಸುಡುಸುಡು ನೀರು ಚೆಲ್ಲಿ ಎತ್ತಿಗೊಂಡು ಹೋದ್ರಂತ. ನಮ್ಮವ್ವ ಸಾಯೋತನ ಹೇಳತಿದ್ಲು. ನಿಮ್ಮಜ್ಜನ ಮನಿಂದ ಒಂದು ಚರಿಗಿ ಹೋಗೇತೇನು, ಹೇಳು?” ಎಂದು ಅವನ ಮುಂದೆಯೇ ನಿಂತಳು. ಹಿಂದಿನ ಸಾಲಿನ ಹುಡುಗರು ಮೊಬೈಲ್ ಎತ್ತಿ ಹಿಡಿದಿದ್ದರು. “ಅರಳು ಮರಳು ಆಗೇತಿ, ಕರಕೊಂಡು ಹೋಗ್ರಿ” ಎಂದ ಅಣ್ಣ, ಹಾಡು ಹಚ್ಚಲು ಸನ್ನೆ ಮಾಡಿದ. ದೇಶಭಕ್ತಿಗೀತೆಯ ಅಬ್ಬರದಲ್ಲಿ ಆಕೆಯ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆಕೆಯ ಮೊಮ್ಮಗ ಬಂದು ರಟ್ಟೆ ಹಿಡಿದ. ಹೋಗುವಾಗ ಆಕೆ ನಮ್ಮ ಮನೆಯ ಹೆಂಗಸರ ಸಾಲನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ನನ್ನನ್ನೂ ನೋಡಿದಳು. ಹೆಳವರ ಹೊತ್ತಿಗೆ ಕೇಳಿಸಿಕೊಂಡಿದ್ದವಳು ಆ ಸಾಲಿನಲ್ಲಿ ನಾನೊಬ್ಬಳೇ. ಅವತ್ತು ಊಟಕ್ಕೆ ಹೋಳಿಗೆ ಮಾಡಿಸಿದ್ದರು. ನಾನು ಬಸ್ಸು ಹಿಡಿದೆ.

ಆಮೇಲಿನದು ಕಚೇರಿಗಳ ಕತೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಹಳೆಯ ಫೇರಫಾರಿನ, ಎಂದರೆ ಹೊಲದ ಹಕ್ಕು ಬದಲಾದ ದಾಖಲೆಯ, ನಕಲು ತೆಗೆಸಿದೆ. ಚನ್ನಪ್ಪನ ಹೊಲ ಅಜ್ಜನ ಹೆಸರಿಗೆ ಬಂದದ್ದು ನೋಂದಾಯಿತ ದತ್ತಕ ಪತ್ರದ ಆಧಾರದ ಮೇಲೆ ಎಂದು ಅದರಲ್ಲಿತ್ತು. ಆ ಪತ್ರ ಹುಡುಕಿಕೊಂಡು ಉಪನೋಂದಣಿ ಕಚೇರಿಗೆ ಹೋದರೆ ಗುಮಾಸ್ತ ಋಣಭಾರ ಪತ್ರ ತೆಗೆದುಕೊಟ್ಟು, “ಇದರಾಗಿಲ್ರಿ, ಅಂದ್ರ ಇಲ್ಲ” ಎಂದ. ಅದರಲ್ಲಿ ಹೇಗಿರುತ್ತದೆ? ಖರೀದಿ, ಅಡವು ಮುಂತಾದ ಆಸ್ತಿಯ ಪತ್ರಗಳು ನಕಲಾಗುವುದು ಒಂದನೇ ಪುಸ್ತಕಕ್ಕೆ. ದತ್ತಕ ಪತ್ರ ಹೋಗುವುದು ನಾಲ್ಕನೇ ಪುಸ್ತಕಕ್ಕೆ. ಇದನ್ನು ನನಗೆ ಹೇಳಿದವರು ನಿವೃತ್ತರಾದ ಒಬ್ಬ ಪತ್ರಬರಹಗಾರರು. ಸಂಬಳ ತಿನ್ನುವ ಗುಮಾಸ್ತನಲ್ಲ.

ನಾಲ್ಕನೇ ಪುಸ್ತಕ ಎಂದ ಕೂಡಲೇ ಅವನ ವರಸೆ ಬದಲಾಯಿತು. ಒಂದನೇ ಪುಸ್ತಕದ ನಕಲನ್ನು ಯಾರು ಬೇಕಾದರೂ ಕೇಳಬಹುದು. ನಾಲ್ಕನೆಯದನ್ನು ಪತ್ರ ಬರೆದುಕೊಟ್ಟವರು, ಅದರಿಂದ ಹಕ್ಕು ಪಡೆದವರು, ಇಲ್ಲವೇ ಅವರ ಪ್ರತಿನಿಧಿಗಳು ಮಾತ್ರ ಕೇಳಬೇಕು. 1908ರ ನೋಂದಣಿ ಕಾಯ್ದೆಯ 57ನೇ ಕಲಮು ಹಾಗೆ ಹೇಳುತ್ತದೆ, ಸರಿ. ನಾನು ದತ್ತಕ ಬಂದವನ ಮೊಮ್ಮಗಳು. “ವಂಶವೃಕ್ಷದಾಗ ನಿಮ್ಮ ಹೆಸರೇ ಇಲ್ಲಲ್ರಿ” ಎಂದ. ಅಣ್ಣ ಮಾಡಿಸಿದ್ದ ವಂಶವೃಕ್ಷದಲ್ಲಿ ಗಂಡುಮಕ್ಕಳಷ್ಟೇ ಇದ್ದರು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಹಕ್ಕು ಕೊಟ್ಟಿತು, 2005ರಲ್ಲಿ ಇಡೀ ದೇಶ ಕೊಟ್ಟಿತು. ಆದರೂ ನಾನು ನಮ್ಮಪ್ಪನಿಗೆ ಹುಟ್ಟಿದವಳೆಂದು ತೋರಿಸಲು ಶಾಲೆಯ ದಾಖಲೆ, ಅಫಿಡವಿಟ್ಟು, ಊರಿನ ಪಂಚರ ಸಹಿ ಎಲ್ಲ ಬೇಕಾದವು. ಅಜ್ಜನ ಗುರುತು ಸರಿಪಡಿಸುವ ಮೊದಲು ನನ್ನ ಗುರುತು ಸಾಬೀತು ಮಾಡಬೇಕಾಯಿತು.

ನಕಲು ಕೈಗೆ ಬಂತು. ದತ್ತಕ ಪತ್ರ ನೋಂದಣಿಯಾದದ್ದು 1934ರಲ್ಲಿ. ಪಟ್ಟಿಯ ಬಸಪ್ಪ ಚನ್ನಪ್ಪ ಸೆರೆಯಾದದ್ದು 1932ರಲ್ಲಿ. ಆ ವರ್ಷ ನಮ್ಮಜ್ಜ ಚನ್ನಪ್ಪನ ಮಗನೇ ಆಗಿರಲಿಲ್ಲ, ನಮ್ಮೂರಿಗೂ ಬಂದಿರಲಿಲ್ಲ. ಅವನು ಬಸಪ್ಪ ವೀರಪ್ಪ.

ಅಣ್ಣ ಸೋಲಲಿಲ್ಲ. ದತ್ತಕದ ಮಾತು ಮೊದಲೇ ಆಗಿತ್ತು, ಆಗಿನಿಂದಲೇ ಹಾಗೆ ಕರೆಯುತ್ತಿದ್ದರು ಎಂದ. ಸರಿ, ಅಜ್ಜ ಹುಟ್ಟಿದೂರಿನ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಗೆದ್ದಲು ತಿಂದ ಜನರಲ್ ರಿಜಿಸ್ಟರು ಬಿಚ್ಚಿ ತೋರಿಸಿದರು. ಬಸಪ್ಪ ವೀರಪ್ಪ ಎಂಬ ಹುಡುಗ ಶಾಲೆ ಬಿಟ್ಟದ್ದು 1933ರಲ್ಲಿ. ಕರ ಕೊಡೆನೆಂದು ಜೈಲಿಗೆ ಹೋದನೆಂದು ನಾವು ಫಲಕ ಹಾಕಿದವನು 1932ರಲ್ಲಿ ಮಗ್ಗಿ ಒಪ್ಪಿಸುತ್ತಿದ್ದ.

ಕೊನೆಗೆ ಮುದುಕಿಯ ಮನೆಗೂ ಹೋದೆ, ಅವರ ಹೊಲದ ನಂಬರು ಹಿಡಿದು ಅದೇ ರೆಕಾರ್ಡ್ ರೂಮಿಗೂ ಹೋದೆ. ಆ ನಂಬರು ಸರ್ಕಾರದ ಹೆಸರಿಗೆ ಹೋಗಿ, ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಮರಳಿ ಅವರ ಹೆಸರಿಗೆ ಬಂದದ್ದು ಸ್ಪಷ್ಟವಾಗಿತ್ತು. ಸ್ವಾತಂತ್ರ್ಯ ಹೋರಾಟಗಾರರಿಗೆ ಕೇಂದ್ರ ಸರ್ಕಾರದ ಪಿಂಚಣಿಯೂ ತಾಮ್ರಪತ್ರವೂ ಬಂದದ್ದು 1972ರಲ್ಲಿ. ಆಕೆಯ ಅಪ್ಪ ಅಷ್ಟರೊಳಗೆ ತೀರಿಕೊಂಡಿದ್ದ, ಅರ್ಜಿ ಬರೆಯಲು ಮನೆಯಲ್ಲಿ ಅಕ್ಷರ ಬಲ್ಲವರಿರಲಿಲ್ಲ. ಈ ಕಾಗದಗಳನ್ನೆಲ್ಲ ಮುಂದಿಟ್ಟ ಮೇಲೆ ಪಂಚಾಯಿತಿ ಫಲಕ ಸರಿಪಡಿಸುವ ಠರಾವು ಮಾಡಿತು. ಫಲಕದ ಹೆಸರು ತಿದ್ದುವಂತೆಯೇ ಇರಲಿಲ್ಲ, ಅದು ಮೊದಲಿಂದಲೂ ಅವರದೇ. ಅಜ್ಜನ ಫೋಟೋ ಕಿತ್ತರು.

ನಿಮಗೆ ಹೇಳಬೇಕಾದದ್ದು ಇಷ್ಟು. ಹೆಸರು ಕೂಡಿತೆಂದು ಮನುಷ್ಯ ಕೂಡಿದನೆಂದು ತಿಳಿಯಬೇಡಿ. ತಂದೆ, ಓಣಿ, ಹೊಲದ ನಂಬರು, ಇಸವಿ ನಾಲ್ಕೂ ಕೂಡಬೇಕು. ಅಂಥದೇ ಹೆಸರಿನ ಇನ್ನೊಬ್ಬನನ್ನು ಮೊದಲು ಹುಡುಕಿ, ಅವನಲ್ಲ ಎಂದು ಖಾತ್ರಿಯಾದ ಮೇಲೆ ನಿಮ್ಮವನೆನ್ನಿ. ಹೆಳವರಿಗೆ ನಿಮ್ಮ ಆಸೆ ಹೇಳುವ ಮೊದಲು ಅವರ ಹೊತ್ತಿಗೆ ಓದಿಸಿ. ಹಿರೇಕೆರೂರಿನ ಹಳೆಯ ಕಾಗದಗಳು ಬೇಕಾದವರು ಕೋಡ ತಾಲ್ಲೂಕು ಎಂಬ ಹೆಸರಿನಲ್ಲೂ ಹುಡುಕಿ. 1997ಕ್ಕೆ ಮುಂಚೆ ಜಿಲ್ಲೆ ಧಾರವಾಡ, ಹಾವೇರಿಯಲ್ಲ. ವಂಶವೃಕ್ಷ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರು ಬರೆಸಿ. ನಾಳೆ ದಾಖಲೆ ತೆಗೆಯುವವರು ಅವರೇ ಆಗಬಹುದು.

ಪುಸ್ತಕ ಇರುವವರ ಮನೆಗೆಲ್ಲ ನಾನು ತಿದ್ದುಪಡಿ ಚೀಟಿ ಅಚ್ಚು ಹಾಕಿಸಿ ಕಳಿಸಿದ್ದೇನೆ. ಅಂಟಿಸಿಕೊಂಡವರು ಕೆಲವರು, ಒಲೆಗೆ ಹಾಕಿದವರು ಕೆಲವರು. ಮೊನ್ನೆ ಅಣ್ಣನ ಮಗನ ಲಗ್ನಪತ್ರಿಕೆ ಬಂತು. ಮುಖಪುಟದಲ್ಲಿ ‘ಸ್ವಾತಂತ್ರ್ಯ ಹೋರಾಟಗಾರರ ಮನೆತನ’ ಎಂದೇ ಇದೆ. ಮದುವೆಗೆ ಹೋಗುತ್ತೇನೆ, ಕರೆದ ಮೇಲೆ ಹೋಗದಿದ್ದರೆ ಹೇಗೆ? ಉಳಿದ ಚೀಟಿಗಳನ್ನು ಕೈಚೀಲದಲ್ಲಿ ಹಾಕಿಕೊಂಡೇ ಹೋಗುತ್ತೇನೆ.