ಮನುಷ್ಯನಲ್ಲದ ಓದುಗನಿಗೆ ಕೈಪಿಡಿ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ಕೈಪಿಡಿಯ ವಿಚಾರವಾಗಿ ಬರೆಯಹೊರಟರೆ ವಾಚಕರಿಗೆ ಸೋಜಿಗವೆನಿಸಬಹುದು. ಆದರೆ ಕೈಪಿಡಿಯೆಂಬುದು ಮೊದಲು ಬರವಣಿಗೆ. ಯಂತ್ರದ ಮಾತು ಆಮೇಲೆ. ಅದರಲ್ಲಿಯೂ ಈಚೆಗೆ ಹುಟ್ಟಿದ ಒಂದು ಬಗೆಯ ಕೈಪಿಡಿಗೆ ಓದುಗನು ಮನುಷ್ಯನೇ ಅಲ್ಲ. ಅಂಥ ಓದುಗನಿಗಾಗಿ ಬರೆಯುವಾಗ ಮಾತಿನ ಹೊಣೆ ಎಷ್ಟು ಹೆಚ್ಚುತ್ತದೆಂಬುದನ್ನು ನಾನು ತಿಳಿದ ಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ಭಂಡಾರದ ವಿಷಯ. ಗಣಕಯಂತ್ರವು ನಡೆಸಬೇಕಾದ ಕೆಲಸವನ್ನು ಸಾಲು ಸಾಲಾಗಿ ಬರೆದುದಕ್ಕೆ ಕೋಡ್ ಎನ್ನುತ್ತಾರೆ. ಹಲವರು ಕೂಡಿ ಬರೆದ ಕೋಡನ್ನು, ಅದರ ಬದಲಾವಣೆಗಳ ಚರಿತ್ರೆಯೊಡನೆ, ಇರಿಸುವ ಭಂಡಾರಕ್ಕೆ ರೆಪಾಸಿಟರಿ ಎಂದು ಹೆಸರು. ಇದಕ್ಕಾಗಿ ಇಂದು ಬಹುವಾಗಿ ಬಳಕೆಯಲ್ಲಿರುವ ಗಿಟ್ ಎಂಬ ಸಾಧನವನ್ನು ಲೀನಸ್ ಟೊರ್ವಾಲ್ಡ್ಸ್ ಅವರು ೨೦೦೫ರಲ್ಲಿ ಲಿನಕ್ಸ್‌ನ ಕೆಲಸಕ್ಕೆಂದು ರಚಿಸಿದರು. ಅಂಗಡಿಯ ಖಾತೆಪುಸ್ತಕದಲ್ಲಿ ಹಳೆಯ ನಮೂದನ್ನು ಅಳಿಸದೆ ಹೊಸದನ್ನು ಅದರ ಕೆಳಗೆ ಬರೆಯುವಂತೆ, ಇಲ್ಲಿ ಪ್ರತಿಯೊಂದು ಬದಲಾವಣೆಯೂ ಕಮಿಟ್ ಎಂಬ ದಾಖಲೆಯಾಗಿ ಸೇರುತ್ತದೆ. ಮೂಲವನ್ನು ಕೆಡಿಸದೆ ಪ್ರಯೋಗ ಮಾಡಲು ಬ್ರಾಂಚ್ ಎಂಬ ಕವಲುಂಟು. ಇಂಥ ಭಂಡಾರಗಳನ್ನು ಅಂತರಜಾಲದಲ್ಲಿಡುವ ಗಿಟ್‌ಹಬ್ ೨೦೦೮ರಲ್ಲಿ ಆರಂಭವಾಯಿತು. ಕವಲಿನ ಕೆಲಸವನ್ನು ಮೂಲಕ್ಕೆ ಸೇರಿಸಿಕೊಳ್ಳಿರೆಂದು ಅಲ್ಲಿ ಸಲ್ಲಿಸುವ ಮನವಿಯೇ ಪುಲ್ ರಿಕ್ವೆಸ್ಟ್.

ಈ ಕೆಲಸಗಳನ್ನು ಈಗ ಕೃತಕ ಬುದ್ಧಿಮತ್ತೆಯ ಏಜೆಂಟ್‌ಗಳೂ ಮಾಡುತ್ತಿವೆ. ಭಾಷಾ ಮಾದರಿಯೊಂದು ತಾನೇ ಸಾಧನಗಳನ್ನು ಆರಿಸಿ, ಬಳಸಿ, ಫಲವನ್ನು ನೋಡಿ ಮುಂದಿನ ಹೆಜ್ಜೆಯನ್ನಿಡುವ ಏರ್ಪಾಡಿಗೆ ಏಜೆಂಟ್ ಎನ್ನುತ್ತಾರೆ. ಮಾದರಿಗೂ ಸಾಧನಕ್ಕೂ ನಡುವೆ ಒಂದು ಸಮಾನ ಕ್ರಮವಿರಲೆಂದು ಆಂತ್ರೊಪಿಕ್ ಸಂಸ್ಥೆಯು ೨೦೨೪ರ ನವೆಂಬರಿನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬುದನ್ನು ಪ್ರಕಟಿಸಿತು. ಅದನ್ನನುಸರಿಸಿ ಗಿಟ್‌ಹಬ್ ಸಂಸ್ಥೆಯು ೨೦೨೫ರಲ್ಲಿ ತನ್ನದೇ ಆದ ಸರ್ವರನ್ನು ಹೊರತಂದಿತು. ಈ ಕ್ರಮದಲ್ಲಿ ಪ್ರತಿಯೊಂದು ಸಾಧನಕ್ಕೂ ಒಂದು ಹೆಸರು, ಒಂದು ವಿವರಣೆ, ಕೊಡಬೇಕಾದ ಅಂಶಗಳ ಒಂದು ಪಟ್ಟಿ ಇರುತ್ತವೆ. ಮಾದರಿಗೆ ಸಾಮಾನ್ಯವಾಗಿ ಕಾಣುವುದು ಇಷ್ಟೇ. ಒಳಗಿನ ರಚನೆ ಕಾಣದು. ಆದುದರಿಂದ ವಿವರಣೆಯೂ ಸಾಧನದ ಒಂದು ಅಂಗವೆಂದೇ ಎಣಿಸತಕ್ಕದ್ದು.

ಒಂದು ಉದಾಹರಣೆಯನ್ನು ನೋಡೋಣ. ಫೈಲನ್ನು ತಿದ್ದುವ ಸಾಧನಕ್ಕೆ "ಫೈಲನ್ನು ತಿದ್ದುತ್ತದೆ" ಎಂದಷ್ಟೇ ಬರೆದರೆ ಸುಳ್ಳಾಗದು, ಆದರೆ ಸಾಲದು. ಈ ದಾರಿಯಿಂದ ಗಿಟ್‌ಹಬ್‌ನಲ್ಲಿರುವ ಫೈಲನ್ನು ತಿದ್ದಬೇಕಾದರೆ ಅದರ ಈಗಿನ ರೂಪದ ಗುರುತನ್ನೂ ಕೊಡಬೇಕು. ನಾವು ಓದಿದ ಮೇಲೆ ಬೇರೊಬ್ಬರು ಅದನ್ನು ಬದಲಿಸಿದ್ದರೆ ಗುರುತು ತಾಳೆಯಾಗದೆ ತಿದ್ದುಪಡಿ ತಿರಸ್ಕೃತವಾಗುತ್ತದೆ. ಇನ್ನೊಬ್ಬರ ಶ್ರಮವನ್ನು ಕಾಯುವ ನಿಯಮವಿದು. ಒಳ್ಳೆಯ ವಿವರಣೆಯು ಗುರುತು ಎಲ್ಲಿ ದೊರೆಯುವುದೆಂದು ಹೇಳಬೇಕು. ತಿರಸ್ಕಾರ ಬಂದರೆ ಫೈಲನ್ನು ಮತ್ತೆ ಓದಿ, ಬದಲಾದುದನ್ನು ಕಂಡುಕೊಂಡು, ಆಮೇಲೆ ಯತ್ನಿಸಬೇಕೆಂದೂ ಹೇಳಬೇಕು. ಸಂದೇಹ ಬಂದಾಗ ಹೊಸ ಗುಮಾಸ್ತನು ಪಕ್ಕದ ಮೇಜಿನವರನ್ನು ಕೇಳುತ್ತಾನೆ. ಏಜೆಂಟಾದರೋ ಬಿಟ್ಟ ಸ್ಥಳವನ್ನು ಊಹೆಯಿಂದ ತುಂಬಿ ಮುಂದೆ ಸಾಗಿಬಿಡಬಹುದು.

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ಗಾದೆ ಇಲ್ಲಿ ನೆನಪಾಗುತ್ತದೆ. ಅಳಿಸದ ಖಾತೆಯೆಂದೆನಷ್ಟೆ, ಆದರೆ ಫೋರ್ಸ್ ಪುಷ್ ಎಂಬ ಕ್ರಿಯೆಯಿಂದ ಎಲ್ಲರೂ ಹಂಚಿಕೊಂಡ ಕವಲಿನ ಚರಿತ್ರೆಯನ್ನೇ ಬದಲಿಸಿ, ಇತರರ ಕಮಿಟ್‌ಗಳನ್ನು ಅದರಿಂದ ಕಳಚಿಹಾಕಬಹುದು. ಆದಕಾರಣ ಓದುವ, ಬರೆಯುವ, ಅಳಿಸುವ ಸಾಧನಗಳನ್ನು ಕೈಪಿಡಿಯು ಬೇರೆಬೇರೆಯಾಗಿ ಕಾಣಿಸಬೇಕು. ಗಿಟ್‌ಹಬ್‌ನ ಸರ್ವರಿನಲ್ಲಿ ಓದುವುದಕ್ಕೆ ಮಾತ್ರ ಅವಕಾಶ ಕೊಡುವ ಏರ್ಪಾಡೂ ಉಂಟು.

ಹಾಗೆಂದು ಬರಹವೊಂದರಿಂದಲೇ ರಕ್ಷಣೆಯಿಲ್ಲ. ಸಾರ್ವಜನಿಕ ಭಂಡಾರಗಳಲ್ಲಿ ದೋಷಗಳನ್ನೂ ಬೇಡಿಕೆಗಳನ್ನೂ ಹೊರಗಿನವರು ಬರೆಯುವ ಇಶ್ಯೂ ಎಂಬ ಪುಟಗಳಿವೆ. ಅಂಥ ಪುಟದಲ್ಲಿ ಆಜ್ಞೆಯ ರೂಪದ ಮಾತನ್ನು ಅಡಗಿಸಿಟ್ಟರೆ, ಅದನ್ನೋದಿದ ಏಜೆಂಟು ಯಜಮಾನನ ಅಪ್ಪಣೆಯೆಂಬಂತೆ ಪಾಲಿಸಿ, ಖಾಸಗಿ ಭಂಡಾರದ ವಿಷಯವನ್ನು ಬಹಿರಂಗಪಡಿಸಬಹುದೆಂದು ೨೦೨೫ರ ಮೇ ತಿಂಗಳಲ್ಲಿ ಭದ್ರತಾ ಸಂಶೋಧಕರು ಮಾಡಿ ತೋರಿಸಿದರು. ಭಂಡಾರದಲ್ಲಿ ಓದಿದುದನ್ನು ಅಪ್ಪಣೆಯೆಂದು ತಿಳಿಯಕೂಡದೆಂದು ಕೈಪಿಡಿಯು ಹೇಳಲೇಬೇಕು. ಅದರೊಡನೆ, ಏಜೆಂಟಿಗೆ ಕೊಡುವ ಅಧಿಕಾರವನ್ನು ಅವಶ್ಯವಾದ ಭಂಡಾರಕ್ಕೆ ಮಾತ್ರ ಸೀಮಿತಗೊಳಿಸಬೇಕು. ಪುಲ್ ರಿಕ್ವೆಸ್ಟನ್ನು ಮೂಲಕ್ಕೆ ಸೇರಿಸುವ ಮುನ್ನ ಮನುಷ್ಯನೊಬ್ಬನು ಓದಬೇಕು. ಬಾಗಿಲಿಗೆ ಫಲಕ ತೂಗಿದವರು ಬೀಗವನ್ನೂ ಹಾಕಬೇಕಷ್ಟೆ.

ನಮ್ಮ ಪ್ರಬಂಧದ ಅಸ್ಪಷ್ಟ ವಾಕ್ಯಕ್ಕೆ ಅಧ್ಯಾಪಕರ ಕೆಂಪುಗೆರೆಯೇ ದಂಡ. ಇಂಥ ಕೈಪಿಡಿಯ ಅಸ್ಪಷ್ಟ ವಾಕ್ಯಕ್ಕಾದರೆ ದಂಡ ತೆರುವವರು ಅದನ್ನು ಬರೆಯದ ಇತರರು. ಓದುಗನು ಎಲ್ಲಿ ತಪ್ಪು ತಿಳಿಯಬಹುದೆಂದು ಮೊದಲೇ ಯೋಚಿಸಿ ಬರೆಯುವ ವಿದ್ಯೆ ಭಾಷೆಯನ್ನು ಓದುವ ನಮ್ಮದು. ಅದಕ್ಕೆ ಹೊಸದೊಂದು ಕೆಲಸ ಒದಗಿದೆ. ನನ್ನ ಸಹಪಾಠಿಗಳಲ್ಲಿ ಕೆಲವರಾದರೂ ಈ ಕಡೆ ಮನಸ್ಸು ಕೊಟ್ಟರೆ ಈ ಲೇಖನದ ಶ್ರಮ ಸಾರ್ಥಕವೆಂದು ಭಾವಿಸುತ್ತೇನೆ.