ಗಾಜಿಗೆ ಬಡಿದ ಬುರ್ಲಿ

ಹುನಗುಂದ ತಾಲೂಕಿನ ಒಂದು ಊರು. ಮಾಘ ಮಾಸ. ಎರಿ ಹೊಲದಲ್ಲಿ ಬಿಳಿಜೋಳದ ಸುಗ್ಗಿ ನಡೆದಿತ್ತು. ಊರ ಹೊರಗೆ, ಹೊಲದ ಬದಿಗೆ ಒಂದು ಹೊಸ ಮನೆ. ಮನೆಗೆ ದೊಡ್ಡ ದೊಡ್ಡ ಕಿಟಕಿ. ಕಿಟಕಿಗೆ ಕರಿ ಗಾಜು.

ಬೆಳಗಿನ ಹೊತ್ತು. ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆ ಕಡೆ "ಢಬ್" ಎಂದು ಸಪ್ಪಳವಾಯಿತು.

"ಅತ್ತಿ, ಯಾರರ ಕಲ್ಲು ಒಗದ್ರೇನ್ರಿ?"

ಅತ್ತೆ ಹೊರಗೆ ಹೋಗಿ ನೋಡಿದಳು. ಕಿಟಕಿ ಕೆಳಗೆ ಮಣ್ಣಿನ ಬಣ್ಣದ ಸಣ್ಣ ಹಕ್ಕಿ ಬಿದ್ದಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು.

"ಕಲ್ಲಲ್ಲವಾ, ಬುರ್ಲಿ! ದೇವರ ಕೊಟ್ಟಾನ ನೋಡು. ನಿಮ್ಮ ಮಾವ ಜ್ವರ ಬಿಟ್ಟು ಎದ್ದಾಗಿಂದ ಬಾಯಿಗೆ ರುಚಿ ಇಲ್ಲ ಅಂತಾನ. ಬುರ್ಲಿ ಸಾರು ಮಾಡಿದ್ರ ಶಕ್ತಿ ಬರತೈತಿ. ಬಿಸಿನೀರ ಇಡು."

ಮಾವ ಹದಿನೈದು ದಿನದಿಂದ ಅರ್ಧ ರೊಟ್ಟಿ ಸಹ ಉಂಡಿರಲಿಲ್ಲ. ಸೊಸೆಗೂ ಅದೇ ಚಿಂತೆ. ಅವಳು ಒಲೆಯ ಮೇಲೆ ನೀರು ಇಟ್ಟಳು. ಅಷ್ಟರಲ್ಲಿ ಸಾಕ್ಷರತಾ ಕೇಂದ್ರದ ಅಕ್ಕ ಬಂದಳು. ಹಕ್ಕಿಯನ್ನು ನೋಡಿದಳು.

"ಯವ್ವಾ, ಇದನ್ನ ಕೊಯ್ಯಬ್ಯಾಡ್ರಿ. ಇನ್ನೂ ಜೀವ ಐತಿ. ಒಂದು ಬುಟ್ಟಿ ಕೊಡ್ರಿ, ಒಂದು ಹಳೆ ಅರಿವಿ ಕೊಡ್ರಿ."

ಅಕ್ಕ ಬುಟ್ಟಿಯಲ್ಲಿ ಅರಿವೆ ಹಾಸಿದಳು. ಎರಡೂ ಕೈಯಿಂದ ಹಕ್ಕಿಯನ್ನು ಮೆಲ್ಲಗೆ ಎತ್ತಿ ಒಳಗಿಟ್ಟಳು. ಮೇಲೆ ಇನ್ನೊಂದು ತೆಳು ಅರಿವೆ ಮುಚ್ಚಿದಳು. ಗಾಳಿ ಆಡಬೇಕು, ಬೆಳಕು ಬರಬಾರದು. ಬುಟ್ಟಿಯನ್ನು ಬೆಕ್ಕಿಗೆ ನಿಲುಕದ ಕಡೆ, ಸಪ್ಪಳವಿಲ್ಲದ ಮೂಲೆಯಲ್ಲಿ ಇಟ್ಟಳು. ಆಮೇಲೆ ಸಾಬೂನು ಹಚ್ಚಿ ಕೈ ತೊಳೆದಳು.

ಮೊಮ್ಮಗ ಲೋಟದಲ್ಲಿ ನೀರು ತಂದ. "ಆಯಿ, ಹಕ್ಕಿಗೆ ನೀರು ಕುಡಸ್ತೀನಿ" ಎಂದ. ಅಕ್ಕ ಬೇಡವೆಂದಳು. ಎಚ್ಚರ ತಪ್ಪಿದ ಹಕ್ಕಿಯ ಬಾಯಿಗೆ ನೀರು ಹಾಕಿದರೆ ಅದು ಉಸಿರಿನ ನಾಳಕ್ಕೆ ಹೋಗುತ್ತದೆ. ಹಕ್ಕಿ ಅದರಿಂದಲೇ ಸಾಯುತ್ತದೆ. ಕಾಳು ಸಹ ಹಾಕಬಾರದು. ಕತ್ತಲೆ ಮತ್ತು ವಿಶ್ರಾಂತಿ, ಇವೇ ಅದಕ್ಕೆ ಔಷಧ.

ಅತ್ತೆಗೆ ಸಿಟ್ಟು ಬಂತು. "ನಾವು ಸಣ್ಣವರಿದ್ದಾಗ ಎಷ್ಟು ಬುರ್ಲಿ, ಎಷ್ಟು ಗೌಜಲಕ್ಕಿ ತಿಂದೇವಿ. ಸಂತ್ಯಾಗ ಮಾರತಿದ್ರು. ಆಗ ಯಾರೂ ಬ್ಯಾಡ ಅಂದಿಲ್ಲ."

ಅತ್ತೆ ಹೇಳಿದ್ದು ಸುಳ್ಳಲ್ಲ. ಬಲೆ ಹಾಕಿ ಹಕ್ಕಿ ಹಿಡಿದು ಹೊಟ್ಟೆ ಹೊರೆದ ಬಡವರೂ ನಮ್ಮಲ್ಲಿದ್ದರು. ಆದರೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 2022ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು. ಕಾಡುಹಕ್ಕಿ ಹಿಡಿಯುವುದು, ಕೊಲ್ಲುವುದು, ಮಾರುವುದು ಅಪರಾಧ. ಬುರ್ಲಿ, ಗೌಜಲಕ್ಕಿ ಎರಡೂ ಇದರಲ್ಲಿ ಬರುತ್ತವೆ. ಅವುಗಳ ತತ್ತಿ ತೆಗೆಯುವುದೂ ತಪ್ಪು. ಮೂರು ವರ್ಷದವರೆಗೆ ಜೈಲು ಆಗಬಹುದು. ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಎರಡೂ ಆಗಬಹುದು.

"ನಾವೇನು ಬೇಟೆ ಆಡಿಲ್ಲಲಾ? ಅದಾ ಬಂದು ಬಿದ್ದೈತಿ" ಎಂದಳು ಅತ್ತೆ.

ಒಳ್ಳೆಯ ಪ್ರಶ್ನೆ. ತಾನಾಗಿ ಬಿದ್ದ ಹಕ್ಕಿಯೂ, ಸತ್ತ ಹಕ್ಕಿಯೂ ಸರಕಾರದ ಆಸ್ತಿ ಎಂದು ಕಾಯ್ದೆ ಹೇಳುತ್ತದೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 48 ಗಂಟೆಯೊಳಗೆ ಅರಣ್ಯ ಇಲಾಖೆಗೆ ಅಥವಾ ಪೊಲೀಸ್ ಠಾಣೆಗೆ ತಿಳಿಸಬೇಕು.

ಕಾಯ್ದೆಯ ಮಾತು ಬಿಡಿ. ಬಿದ್ದ ಹಕ್ಕಿಯನ್ನು ಬೇಯಿಸದಿರಲು ಇನ್ನೊಂದು ಕಾರಣವಿದೆ. ಬಿತ್ತುವ ಬೀಜಕ್ಕೆ ಔಷಧ ಹಚ್ಚುತ್ತೇವೆ. ಬೆಳೆಗೆ ಔಷಧ ಹೊಡೆಯುತ್ತೇವೆ. ಆ ಬೀಜ, ಆ ಹುಳ ತಿಂದ ಹಕ್ಕಿಗೆ ನಂಜು ಏರುತ್ತದೆ. ಗಾಜಿಗೆ ಬಡಿದು ಬಿತ್ತೋ, ನಂಜಿನಿಂದ ಬಿತ್ತೋ, ನಮಗೆ ಹೇಗೆ ಗೊತ್ತಾಗಬೇಕು? ಕುದಿಸಿದರೆ ರೋಗದ ಕ್ರಿಮಿ ಸಾಯಬಹುದು. ಔಷಧದ ನಂಜು ಕುದಿಸಿದರೆ ಹೋಗುವುದಿಲ್ಲ. ಹಕ್ಕಿಜ್ವರದ ಭಯವೂ ಇದೆ. 2012ರಲ್ಲಿ ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಅದು ಬಂದಿತ್ತು. ಸತ್ತ ಹಕ್ಕಿಯನ್ನು ಬರಿಗೈಯಿಂದ ಮುಟ್ಟಬೇಡಿರಿ.

ಹಾಗಾದರೆ ಹಕ್ಕಿ ಗಾಜಿಗೆ ಏಕೆ ಬಡಿಯುತ್ತದೆ? ಅದಕ್ಕೆ ಕಣ್ಣು ಕಾಣುವುದಿಲ್ಲವೇ?

ಹಕ್ಕಿಯ ಕಣ್ಣು ಬಲು ಚುರುಕು. ಆದರೆ ಗಾಜು ಎಂದರೆ ಏನೆಂದು ಅದಕ್ಕೆ ಗೊತ್ತಿಲ್ಲ. ನೀವು ಹೊರಗೆ ನಿಂತು ಕರಿ ಗಾಜು ನೋಡಿರಿ. ಅದರಲ್ಲಿ ಆಕಾಶ ಕಾಣುತ್ತದೆ. ಬೇವಿನ ಗಿಡ ಕಾಣುತ್ತದೆ. ಹಕ್ಕಿ ಅದನ್ನೇ ನಿಜವೆಂದು ತಿಳಿಯುತ್ತದೆ. ಜೋಳ ಕೀಳುವವರ ಸಪ್ಪಳಕ್ಕೆ ಬುರ್ಲಿ ಭರ್ರನೆ ಏಳುತ್ತದೆ. ನೆಟ್ಟಗೆ ಹಾರುತ್ತದೆ. ಗಾಜಿಗೆ ತಲೆ ಬಡಿಯುತ್ತದೆ.

ಬಾದಾಮಿ, ಹುನಗುಂದ ಕಡೆಯ ಹಳೆ ಮನೆ ನೆನೆಸಿಕೊಳ್ಳಿರಿ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಮೇಲೊಂದು ಬೆಳಕಿಂಡಿ. ಕಿಟಕಿಗೆ ಕಟ್ಟಿಗೆಯ ಕದ. ಅಲ್ಲಿ ಹಕ್ಕಿ ಬಡಿಯುವ ಮಾತೇ ಇರಲಿಲ್ಲ. ಈಗ ಬಾಗಲಕೋಟೆಯ ನವನಗರದಲ್ಲಿ ಗಾಜು, ಇಳಕಲ್ಲಿನಲ್ಲಿ ಗಾಜು, ಹಳ್ಳಿಯಲ್ಲೂ ಗಾಜು. ಅಮೆರಿಕ ದೇಶದ ಲೆಕ್ಕ ಒಂದು 2014ರಲ್ಲಿ ಪ್ರಕಟವಾಯಿತು. ಅಲ್ಲಿ ವರ್ಷಕ್ಕೆ 36 ಕೋಟಿಯಿಂದ 99 ಕೋಟಿ ಹಕ್ಕಿಗಳು ಗಾಜಿಗೆ ಬಡಿದು ಸಾಯುತ್ತವಂತೆ!

(ಗುಬ್ಬಿ ಕನ್ನಡಿಯನ್ನು ಕುಕ್ಕುವುದು ಬೇರೆ ಸಂಗತಿ. ಅದು ತನ್ನ ನೆರಳನ್ನೇ ಬೇರೆ ಗುಬ್ಬಿ ಎಂದು ತಿಳಿದು ಜಗಳ ಆಡುತ್ತದೆ. ಕನ್ನಡಿಗೆ ಒಂದು ಅರಿವೆ ಮುಚ್ಚಿದರೆ ಜಗಳ ಮುಗಿಯಿತು.)

ಒಂದು ತಾಸು ಕಳೆಯಿತು. ಬುಟ್ಟಿಯೊಳಗೆ ಪರಪರ ಸಪ್ಪಳ. ಅಕ್ಕ ಬುಟ್ಟಿಯನ್ನು ಹೊಲದ ಬದುವಿಗೆ ಒಯ್ದು ಅರಿವೆ ತೆಗೆದಳು. ಬುರ್ಲಿ ಕುಳಿತೇ ಇತ್ತು. ಎಲ್ಲರೂ ಉಸಿರು ಹಿಡಿದು ನೋಡಿದರು. ಒಮ್ಮೆಲೇ ಭರ್ರನೆ ಎದ್ದು ಕಡಲೆ ಹೊಲದಲ್ಲಿ ಇಳಿಯಿತು.

"ಹೋತು ನೋಡವಾ ನಿಮ್ಮ ಮಾವನ ಸಾರು" ಎಂದು ಅತ್ತೆ ನಕ್ಕಳು.

ಎಲ್ಲ ಹಕ್ಕಿ ಹೀಗೆ ಬದುಕುವುದಿಲ್ಲ. ರೆಕ್ಕೆ ಜೋತುಬಿದ್ದರೆ, ಏಳದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿರಿ. ಪಶು ಆಸ್ಪತ್ರೆಗೂ ತೋರಿಸಬಹುದು.

ಸೊಸೆಯ ತವರುಮನೆ ಇಳಕಲ್. ಅಲ್ಲಿ ಮಗ್ಗ ಇದೆ. ತವರಿನಿಂದ ತಂದ ದಪ್ಪ ಹುರಿ ಮನೆಯಲ್ಲಿತ್ತು. ಗಾಜಿನ ಹೊರಗಡೆ ಮೇಲಿನಿಂದ ಕೆಳಗೆ ಹುರಿ ಇಳಿಬಿಟ್ಟರು. ಎರಡು ಇಂಚಿಗೆ ಒಂದು ಎಳೆ. ಅಂದರೆ ಸುಮಾರು ಮೂರು ಬೆರಳಿನ ಅಂತರ. ಇಷ್ಟು ಸಣ್ಣ ಸಂದಿಯಲ್ಲಿ ಹಾರಲು ಹಕ್ಕಿ ಹೋಗುವುದಿಲ್ಲ. ಹಿಂದಿನ ಕಿಟಕಿಗೆ ಹುರಿ ಸಾಲಲಿಲ್ಲ. ಅಲ್ಲಿ ಅತ್ತೆಯೇ ಸುಣ್ಣದಿಂದ ರಂಗೋಲಿಯ ಚುಕ್ಕಿ ಇಟ್ಟಳು. ಅದೇ ಎರಡು ಇಂಚಿನ ಅಂತರ. ಚುಕ್ಕಿ ಹೊರಗಡೆಯೇ ಇರಬೇಕು. ಒಳಗೆ ಇಟ್ಟರೆ ಆಕಾಶದ ನೆರಳಿನಲ್ಲಿ ಮುಚ್ಚಿಹೋಗುತ್ತದೆ. ಹೊರಗಡೆ ಸೊಳ್ಳೆ ಜಾಳಿಗೆ ಹಾಕಿಸಿದರೂ ಆಗುತ್ತದೆ. ಸೊಳ್ಳೆಯೂ ಬರುವುದಿಲ್ಲ, ಹಕ್ಕಿಯೂ ಬಡಿಯುವುದಿಲ್ಲ. ನನಗೆ ಕೇಳಿದರೆ ಇದೇ ಲೇಸು. ಖರ್ಚು ಮಾತ್ರ ಸ್ವಲ್ಪ ಹೆಚ್ಚು.

ಬೇಸಿಗೆಯಲ್ಲಿ ಹಕ್ಕಿಗೆ ನೀರಿಡುವವರು ಬೋಗುಣಿಯನ್ನು ಕಿಟಕಿಯಿಂದ ಮೂರು ಅಡಿಯೊಳಗೆ ಇಡಿರಿ. ಅಷ್ಟು ಹತ್ತಿರದಿಂದ ಹಾರಿದರೆ ಜೋರು ಇರುವುದಿಲ್ಲ, ಪೆಟ್ಟು ಬೀಳುವುದಿಲ್ಲ.

ಇನ್ನು ಮಾವನ ಸಾರಿನ ಮಾತು. ಒಂದು ಕಾಡುಬುರ್ಲಿಯ ತೂಕ 100 ಗ್ರಾಂ ಆಸುಪಾಸು. ಪುಚ್ಚ, ಎಲುಬು ತೆಗೆದರೆ ಉಳಿಯುವ ಮಾಂಸ ಎರಡು ತುತ್ತು. ಅದರಲ್ಲಿ ಕೋಳಿಗಿಂತ ಬೇರೆ ಶಕ್ತಿ ಏನೂ ಇಲ್ಲ. ರುಚಿ ಇರುವುದು ಅತ್ತೆಯ ಮಸಾಲೆಯಲ್ಲಿ! ಫಾರಂನಲ್ಲಿ ಸಾಕಿದ ಜಪಾನಿ ಬುರ್ಲಿ ಕೆಲವು ಪಟ್ಟಣದಲ್ಲಿ ಸಿಗುತ್ತದೆ. ಅದು ಹೊಲದ ಬುರ್ಲಿ ಅಲ್ಲ. ತೂಕ ಸುಮಾರು 200 ಗ್ರಾಂ. ಅದು ಸಿಗದಿದ್ದರೆ ಜವಾರಿ ಕೋಳಿ.

ಅವತ್ತು ಈ ಮನೆಯಲ್ಲಿ ಜವಾರಿ ಕೋಳಿ ಕೊಯ್ದರು. ಅತ್ತೆ ಒಲೆಯ ಮುಂದೆ ಕುಳಿತು ಹೇಳುತ್ತಾ ಹೋದಳು. ಮಾಂಸಕ್ಕೆ ಅರಿಸಿನ, ಉಪ್ಪು ಹಚ್ಚಿಡು. ಒಣಕೊಬ್ಬರಿ ಸುಡು. ಉಳ್ಳಾಗಡ್ಡಿ ಸುಡು. ಬೆಳ್ಳುಳ್ಳಿ, ಹಸಿಶುಂಠಿ, ಕೊತ್ತಂಬರಿ ಬೀಜ ಹಾಕಿ ನುಣ್ಣಗೆ ಅರಿ. ಎಣ್ಣೆಯಲ್ಲಿ ಮಾಂಸ ಬಾಡಿಸಿ, ಮಸಾಲೆ, ಖಾರದಪುಡಿ ಹಾಕಿ ಕುದಿಸು. "ಮಾವಗ ಖಾರ ಕಡಿಮಿ ಹಾಕವಾ, ಜ್ವರದ ಬಾಯಿ" ಎಂದಳು. ಸಾಕಿದ ಬುರ್ಲಿ ಆದರೆ ಅರ್ಧ ತಾಸಿನೊಳಗೆ ಬೇಯುತ್ತದೆ. ಜವಾರಿ ಕೋಳಿಗೆ ಒಂದು ತಾಸಾದರೂ ಬೇಕು. ಎಲುಬಿನ ಹತ್ತಿರ ಕೆಂಪು ನೀರು ಬಂದರೆ ಇನ್ನೂ ಬೆಂದಿಲ್ಲ. ಬುರ್ಲಿಯ ಎಲುಬು ಸೂಜಿಯಂತೆ ಸಣ್ಣ. ಮಕ್ಕಳಿಗೆ ಬಿಡಿಸಿಯೇ ಕೊಡಬೇಕು.

ಮಾವ ಒಂದೂವರೆ ರೊಟ್ಟಿ ಉಂಡ. "ಇದು ಬುರ್ಲಿ ಸಾರಾ?" ಎಂದು ಕೇಳಿದ.

"ಹೂಂ, ಮುಂಜಾನೆ ಬಂದಿತ್ತು" ಎಂದಳು ಅತ್ತೆ.

ಲೆಕ್ಕ ಮಾಡಿರಿ: ಒಂದು ಕಿಟಕಿಯ ಅಗಲ 4 ಅಡಿ. ಒಂದು ಅಡಿಗೆ 12 ಇಂಚು. ಎರಡು ಇಂಚಿಗೆ ಒಂದು ಎಳೆಯಂತೆ ಹುರಿ ಕಟ್ಟಬೇಕು. ಎಷ್ಟು ಎಳೆ ಬೇಕು? ಕಿಟಕಿಯ ಎತ್ತರ 3 ಅಡಿ ಇದ್ದರೆ ಒಟ್ಟು ಎಷ್ಟು ಅಡಿ ಹುರಿ ಬೇಕು?

ಬರೆಯಿರಿ: ನಿಮ್ಮ ಹೊಲದಲ್ಲಿ ಕಾಣುವ ಐದು ಹಕ್ಕಿಗಳ ಹೆಸರು.